ತಾಮ್ರದ ಪಟ್ಟಿಗೂ ದ್ರಾವಣಕ್ಕೂ ನಡುವೆ

ಟ್ಯಾಂಕಿನ ಮೇಲೆ ಅಡ್ಡಲಾಗಿ ಒಂದು ತಾಮ್ರದ ಪಟ್ಟಿ. ಅದರಿಂದ ತಂತಿಯಲ್ಲಿ ಇಳಿಬಿಟ್ಟ, ನಾಣ್ಯದಷ್ಟು ಅಗಲದ ಟೈಟೇನಿಯಂ ಬಿಲ್ಲೆ. ಬಿಲ್ಲೆ ದ್ರಾವಣದಲ್ಲಿ ಮುಳುಗಿರುತ್ತದೆ, ಪಟ್ಟಿ ಗೇಣುದ್ದ ಮೇಲಿರುತ್ತದೆ. ಆ ಗೇಣುದ್ದದ ಜಾಗದೊಳಕ್ಕೆ ನನ್ನ ಸಹೋದ್ಯೋಗಿಯ ಬಲಗೈ ಇಳಿಯುತ್ತಿರುವುದು ನನಗೆ ಈಗಲೂ ಕಾಣಿಸುತ್ತದೆ. ಹಲ್ಲುಜ್ಜುವಾಗ ಕಾಣಿಸುತ್ತದೆ, ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತಾಗ ಕಾಣಿಸುತ್ತದೆ. ಆ ಕೈ ಅಲ್ಲಿಗೆ ಹೇಗೆ ಬಂತು ಎಂದು ಹೇಳಬೇಕಾದರೆ ನಾವು ಮಾಡುತ್ತಿದ್ದ ಕೆಲಸದಿಂದಲೇ ಶುರುಮಾಡಬೇಕು.

ಹೊಸನಗರ ಪೇಟೆ ದಾಟಿದ ಮೇಲೆ ರಸ್ತೆ ಬದಿಗೆ ನಿಂತುಹೋದ ಒಂದು ಅಕ್ಕಿ ಗಿರಣಿಯಿದೆ. ಅದರ ಹಿಂದಿನ ಶೆಡ್ಡಿನಲ್ಲಿ ನಾವು ಮೂವರು ಇದ್ದೆವು. ಒಬ್ಬರು ಮೇಷ್ಟ್ರು. ಲೋಹಶಾಸ್ತ್ರ ಪಾಠ ಹೇಳಿ ನಿವೃತ್ತರಾದವರು, ತೀರ್ಥಹಳ್ಳಿಯಿಂದ ದಿನಾ ತಮ್ಮ ಹಳೇ ಕಾರಿನಲ್ಲಿ ಬರುತ್ತಿದ್ದರು. ಇನ್ನೊಬ್ಬಳು ಸಾಗರದ ಕಡೆಯ ಹವ್ಯಕರ ಹುಡುಗಿ, ನನ್ನ ಹಾಗೆಯೇ ರಸಾಯನಶಾಸ್ತ್ರ ಓದಿದವಳು. ಆಸಿಡ್ಡಿನ ಕೆಲಸವೆಲ್ಲ ಅವಳದು, ಕರೆಂಟಿನ ಕೆಲಸ ನನ್ನದು. ಗಿರಣಿಯ ಯಜಮಾನರ ಮನೆ ಮುಂದುಗಡೆಯೇ ಇತ್ತು. ಶೆಡ್ಡಿಗೆ ಕರೆಂಟು ಬರುತ್ತಿದ್ದುದು ಅವರ ಜಗಲಿಯ ಮೇನ್ ಸ್ವಿಚ್ಚಿನ ಮೂಲಕ.

ದವಡೆಗೆ ತಿರುಗಿಸಿ ಕೂರಿಸುವ ಹಲ್ಲಿನ ಬೇರು, ಸೊಂಟದ ಕೀಲಿನ ಕಾಂಡ, ಇವೆಲ್ಲ ಟೈಟೇನಿಯಂನವು. ಮೂಳೆ ಬರಿಯ ಲೋಹಕ್ಕೆ ಹತ್ತಿಕೊಳ್ಳುವುದು ನಿಧಾನ. ಲೋಹದ ಮೇಲೆ ಸಣ್ಣ ಸಣ್ಣ ರಂಧ್ರಗಳಿರುವ ಆಕ್ಸೈಡ್ ಪದರ ಬೆಳೆಸಿ, ಆ ಪದರದೊಳಗೆ ಸ್ವಲ್ಪ ಕ್ಯಾಲ್ಸಿಯಂ, ಸ್ವಲ್ಪ ರಂಜಕ ಸೇರಿಸಿದರೆ ಮೂಳೆ ಅದನ್ನು ತನ್ನದೆಂದೇ ತಿಳಿಯುತ್ತದೆ. ನಾವು ಬಿಲ್ಲೆಗಳ ಮೇಲೆ ಅಂಥ ಪದರ ಬೆಳೆಸುವುದು, ಘಟ್ಟದ ಕೆಳಗಿನ ಒಂದು ವೈದ್ಯಕೀಯ ಪ್ರಯೋಗಾಲಯ ಅದರ ಮೇಲೆ ಮೂಳೆಯ ಜೀವಕೋಶ ಬೆಳೆಸಿ ನೋಡುವುದು, ಇಷ್ಟು ಒಪ್ಪಂದ.

‘ಇಷ್ಟು ಸಣ್ಣ ಬಿಲ್ಲೆಗೆ ಇಷ್ಟು ಕರೆಂಟಾ?’ ಎಂದು ಯಜಮಾನರು ಆಗಾಗ ಬಂದು ಇಣುಕುತ್ತಿದ್ದರು.

‘ಇದು ಮನುಷ್ಯರ ಮೂಳೆ ಒಳಗೆ ಹೋಗೋದು ಯಜಮಾನ್ರೇ.’

‘ಹಂಗಾರೆ ನನ್ನ ಮಂಡಿಗೂ ಒಂದು ಮಾಡಿಟ್ಟಿರಿ. ಮೆಟ್ಲು ಹತ್ತೋಕಾಗ್ತಿಲ್ಲ.’

ಕೆಲಸದ ಕ್ರಮ ಹೀಗೆ. ಬಿಲ್ಲೆಯನ್ನು ಉಜ್ಜುಕಾಗದದಲ್ಲಿ ಒರಟಿನಿಂದ ನಯಕ್ಕೆ ಉಜ್ಜಬೇಕು. ಅಸಿಟೋನಿನಲ್ಲಿ ತೊಳೆಯಬೇಕು. ಆಮೇಲೆ ಹೈಡ್ರೋಫ್ಲೋರಿಕ್ ಮತ್ತು ನೈಟ್ರಿಕ್ ಆಮ್ಲ ಬೆರೆಸಿದ ನೀರಿನಲ್ಲಿ ಅದ್ದಿ ತೆಗೆಯಬೇಕು. ಗಾಳಿಗೆ ತಾನಾಗಿ ಕಟ್ಟಿಕೊಂಡ ತೆಳು ಪೊರೆ ಅದರಲ್ಲಿ ಕರಗಿ ಹಸಿ ಲೋಹ ಹೊರಬರುತ್ತದೆ. ಕೂಡಲೇ ತೊಳೆದು ಟ್ಯಾಂಕಿಗೆ ಇಳಿಬಿಡಬೇಕು. ಟ್ಯಾಂಕಿನಲ್ಲಿ ಕ್ಯಾಲ್ಸಿಯಂ ಅಸಿಟೇಟ್ ಮತ್ತು ಒಂದು ಫಾಸ್ಫೇಟ್ ಲವಣ ಕರಗಿಸಿದ ನೀರು. ಬಿಲ್ಲೆಗೆ ಧನ, ಸುತ್ತಲಿನ ಉಕ್ಕಿನ ತಗಡಿಗೆ ಋಣ. ವೋಲ್ಟೇಜು ಏರಿಸುತ್ತ ಹೋದಂತೆ ಬಿಲ್ಲೆ ಹಳದಿಯಾಗಿ, ನೇರಳೆಯಾಗಿ, ನೀಲಿಯಾಗಿ ಬಣ್ಣ ಬದಲಿಸುತ್ತದೆ. ಇನ್ನೂ ಏರಿಸಿದರೆ ಬಣ್ಣ ಸತ್ತುಹೋಗಿ, ಮೈಮೇಲೆಲ್ಲ ಸಾಸಿವೆ ಗಾತ್ರದ ಕಿಡಿಗಳು ಹರಿದಾಡಲು ಶುರುವಾಗುತ್ತವೆ. ನೀರಿನೊಳಗೆ ಕಿಡಿ. ಹುರಿಗಡಲೆ ಒಡೆದ ಹಾಗೆ ಚಟಚಟ ಸದ್ದು. ಪ್ರತಿ ಕಿಡಿಯೂ ಪದರದಲ್ಲಿ ಒಂದು ಸಣ್ಣ ತೂತು ಕೊರೆದು, ಅದರ ಅಂಚನ್ನು ಕರಗಿಸಿ ಹೆಪ್ಪುಗಟ್ಟಿಸುತ್ತದೆ. ಕೊನೆಗೆ ಬಿಲ್ಲೆ ಬೂದುಬಿಳಿ ಪಿಂಗಾಣಿಯಂತಾಗುತ್ತದೆ.

ಬಹಳ ದಿನ ಅದು ಪಿಂಗಾಣಿಯಾಗಲಿಲ್ಲ, ಹಪ್ಪಳವಾಯಿತು. ಅಂಟುಪಟ್ಟಿ ಅಂಟಿಸಿ ಕಿತ್ತರೆ ಪದರವೂ ಜೊತೆಗೆ ಕಿತ್ತು ಬರುತ್ತಿತ್ತು. ಕೆಳಗಿನ ಪ್ರಯೋಗಾಲಯದವರು ಎರಡು ಸಲ ಪೂರ್ತಿ ಡಬ್ಬಿಯನ್ನೇ ವಾಪಸ್ ಕಳಿಸಿದರು. ದ್ರಾವಣ ಬಿಸಿಯಾಗುವುದು ಕಾರಣವಿರಬೇಕೆಂದು ಬಾವಿಯ ನೀರು ಸುತ್ತ ಹರಿಯುವಂತೆ ಪೈಪು ಸುತ್ತಿದೆವು. ಸ್ವಲ್ಪ ಸುಧಾರಿಸಿತು, ಸಾಲಲಿಲ್ಲ. ಕೊನೆಗೆ ಅವಳೇ ಕಂಡುಹಿಡಿದಳು. ಆಮ್ಲದ ಮಿಶ್ರಣ ಹಳತಾದಂತೆ ಕಚ್ಚುವ ಶಕ್ತಿ ಕಳೆದುಕೊಂಡು, ಹಳೇ ಪೊರೆ ಅಲ್ಲಲ್ಲಿ ಉಳಿದುಬಿಡುತ್ತಿತ್ತು. ಪ್ರತಿ ಕಂತಿಗೂ ಹೊಸ ಮಿಶ್ರಣ ಮಾಡಬೇಕು. ಅಂದರೆ ದಟ್ಟ ಹೈಡ್ರೋಫ್ಲೋರಿಕ್ ಆಮ್ಲದ ಪ್ಲಾಸ್ಟಿಕ್ ಸೀಸೆಯನ್ನು ಮೊದಲಿಗಿಂತ ಹೆಚ್ಚು ಸಲ ತೆರೆಯಬೇಕು.

ಆ ಆಮ್ಲದ ಬಗ್ಗೆ ಮೇಷ್ಟ್ರು ಮೊದಲ ದಿನವೇ ಹೇಳಿದ್ದರು. ‘ಬೇರೆ ಆಸಿಡ್ಡು ಬಿದ್ರೆ ನೀವು ಕೂಗ್ತೀರಿ. ಇದು ಬಿದ್ರೆ ಕೂಗಲ್ಲ, ಅದಕ್ಕೇ ಇದರ ಹೆದರಿಕೆ. ಚರ್ಮಕ್ಕೆ ಹೆಚ್ಚೇನೂ ಮಾಡದೆ ಒಳಗೆ ಇಳಿಯುತ್ತೆ. ಒಳಗೆ ಹೋಗಿ ಕ್ಯಾಲ್ಸಿಯಂ ಹುಡುಕುತ್ತೆ. ಮೊದಲು ಮಾಂಸದ್ದು, ಆಮೇಲೆ ಮೂಳೆಯದ್ದು. ರಕ್ತದ ಕ್ಯಾಲ್ಸಿಯಂ ಇಳಿದರೆ ಹೃದಯ ನಿಲ್ಲುತ್ತೆ.’ ಅದಕ್ಕೆ ಮದ್ದೂ ಕ್ಯಾಲ್ಸಿಯಂ. ಚರ್ಮದ ಮೇಲೆ ಕ್ಯಾಲ್ಸಿಯಂ ಕೊಟ್ಟರೆ ವಿಷ ಅದನ್ನೇ ಕಚ್ಚಿಕೊಂಡು ಸುಮ್ಮನಾಗುತ್ತದೆ. ಅದಕ್ಕೆಂದೇ ಗೋಡೆಯ ಡಬ್ಬಿಯಲ್ಲಿ ಕ್ಯಾಲ್ಸಿಯಂ ಗ್ಲುಕೋನೇಟ್ ಜೆಲ್ಲಿನ ಟ್ಯೂಬು ಇತ್ತು.

ನನ್ನ ಯಂತ್ರದ್ದು ಇನ್ನೊಂದು ಶಿಸ್ತು. ಅದರ ಹೊಟ್ಟೆಯಲ್ಲಿ ದಪ್ಪ ದಪ್ಪ ಕೆಪಾಸಿಟರುಗಳ ಸಾಲಿತ್ತು. ವಿದ್ಯುತ್ತನ್ನು ತುಂಬಿಟ್ಟುಕೊಳ್ಳುವ ಕೊಡಗಳು ಅವು. ನಿಲ್ಲಿಸುವಾಗ ಮೊದಲು ಗುಂಡಿ ತಿರುಗಿಸಿ ವೋಲ್ಟೇಜು ಇಳಿಸಬೇಕು, ‘ಡಿಸ್ಚಾರ್ಜ್’ ಒತ್ತಿ ಹಿಡಿಯಬೇಕು, ಮೀಟರು ಸೊನ್ನೆಗೆ ಬರುವವರೆಗೆ ಕಾಯಬೇಕು. ಆಮೇಲೆ ಪಟ್ಟಿ ಮುಟ್ಟಬಹುದು. ಆ ಡಿಸ್ಚಾರ್ಜ್ ಕೆಲಸ ಮಾಡುವುದು ಕರೆಂಟು ಇದ್ದರೆ ಮಾತ್ರ. ಮೀಟರೂ ಹಾಗೆಯೇ. ಕರೆಂಟು ಹೋದರೆ ಮೀಟರು ಕುರುಡು, ಕೊಡಗಳು ಮಾತ್ರ ತುಂಬಿದ್ದ ಹಾಗೇ ತುಂಬಿರುತ್ತವೆ. ಹೊಸ ಯಂತ್ರಗಳಲ್ಲಿ ಹೀಗಿರುವುದಿಲ್ಲ. ನಮ್ಮದು ನಾವೇ ಕೂಡಿಸಿ ಕಟ್ಟಿಸಿದ್ದು.

ಈಗ ನಮ್ಮ ಕಡೆಯ ಒಂದು ಅಭ್ಯಾಸ ಹೇಳಬೇಕು. ಗುಡುಗು ಕೇಳಿದರೆ ಇಲ್ಲಿ ಯಾರ ಕೈಯಾದರೂ ಮೊದಲು ಹೋಗುವುದು ಪ್ಲಗ್ಗಿಗೆ. ಟಿವಿ, ಫ್ರಿಜ್ಜು, ಮೋಟಾರು ಎಲ್ಲ ಕಿತ್ತಿಟ್ಟು ಆಮೇಲೆ ಅಂಗಳದ ಬಟ್ಟೆ ತೆಗೆಯುತ್ತಾರೆ. ಕೆಲವರು ಒಂದೊಂದೇ ಯಾಕೆಂದು ಮೇನನ್ನೇ ಎಳೆದುಬಿಡುತ್ತಾರೆ. ಯಜಮಾನರು ಆ ಪಂಗಡದವರು. ಹೀಗೆ ಮಾಡಬೇಡಿ, ನಮಗೆ ಹೇಳಿ ತೆಗೆಯಿರಿ ಎಂದು ಮೇಷ್ಟ್ರು ಅವರನ್ನು ಕೇಳಿಕೊಂಡಿದ್ದರು. ಅವರು ಒಪ್ಪಿದ್ದರು. ಆ ದಿನ ಹೇಳಿಯೇ ತೆಗೆದರು.

ಮುಂಗಾರಿಗೆ ಮೊದಲಿನ ಮಧ್ಯಾಹ್ನ. ಮೇಷ್ಟ್ರು ಬಂದಿರಲಿಲ್ಲ. ಬೆಳಿಗ್ಗೆ ಹೊಸ ದ್ರಾವಣ ಮಾಡಿದ್ದೆವು. ಕ್ಯಾಲ್ಸಿಯಂ ಅಸಿಟೇಟಿನ ಜಾಡಿ ಅಲ್ಲಿಗೆ ಖಾಲಿ. ಮರುದಿನ ಬರುವಾಗ ಇನ್ನೊಂದು ತರುತ್ತೇನೆಂದು ಅವರು ಫೋನಿನಲ್ಲಿ ಹೇಳಿದ್ದರು. ಟ್ಯಾಂಕಿನಲ್ಲಿ ಬಿಲ್ಲೆ ಕಿಡಿ ಹಾರಿಸುತ್ತಿತ್ತು, ಮೀಟರು ನಾನೂರರ ಹತ್ತಿರ ಇತ್ತು. ಶೆಡ್ಡಿನ ಆ ತುದಿಯಲ್ಲಿ, ಹೊಗೆ ಎಳೆಯುವ ಫ್ಯಾನಿನ ಕೆಳಗೆ, ಅವಳು ಸೀಸೆಯಿಂದ ಪ್ಲಾಸ್ಟಿಕ್ ಅಳತೆಪಾತ್ರೆಗೆ ಆಮ್ಲ ಬಗ್ಗಿಸುತ್ತಿದ್ದಳು.

ಮೋಡ ಕವಿದು ಕಿಟಕಿ ಕಪ್ಪಾಗಿತ್ತು. ಹುಲಿಕಲ್ ದಿಕ್ಕಿನಿಂದ ಒಂದು ಗುಡುಗು ಉರುಳಿಕೊಂಡು ಬಂತು.

‘ಗುಡುಗ್ತಾ ಇದೆ ಮಾರಾಯ್ರೇ, ಮೇನ್ ತೆಗ್ದೇ!’ ಎಂದು ಜಗಲಿಯಿಂದ ಕೂಗು. ‘ತೆಗ್ದೇ’ ಎನ್ನುವಷ್ಟರಲ್ಲಿ ದೀಪ ಆರಿತ್ತು.

ಫ್ಯಾನು ನಿಂತಿತು. ಕತ್ತಲಲ್ಲಿ ಬಿಲ್ಲೆಯ ಮೇಲೆ ಕೊನೆಯ ನಾಲ್ಕು ಕಿಡಿ ಮಿನುಗಿ ಹೋದವು. ಆ ತುದಿಯಿಂದ ಪ್ಲಾಸ್ಟಿಕ್ ಪಾತ್ರೆ ಕಲ್ಲಿಗೆ ತಗುಲಿದ ಟಕ್ ಎಂಬ ಸದ್ದು ಬಂತು.

‘ಏನಾಯ್ತು?’

‘ಎಂತೂ ಆಜಿಲ್ಲೆ ಮಾರಾಯ. ಸ್ವಲ್ಪ ಗ್ಲೌಸಿನ ಮೇಲೆ ಚೆಲ್ಲಿತು.’

ಹೋಗಿ ನೋಡಿದೆ. ಗ್ಲೌಸಿನ ಮೇಲೆ ಅಲ್ಲ. ಹೊಗೆ ಮುಖಕ್ಕೆ ಬರುತ್ತದೆಂದು ಸೀಸೆ ಮುಚ್ಚುವ ಅವಸರದಲ್ಲಿ ಕೈ ಎತ್ತಿದ್ದಳು. ಆಮ್ಲ ಗ್ಲೌಸಿನ ಬಾಯಿಯಿಂದ ಒಳಗಿಳಿದಿತ್ತು. ಗ್ಲೌಸ್ ಎಳೆದೆಸೆದು ನಲ್ಲಿ ಬಿಟ್ಟೆವು. ತೊಳೆದೆವು, ತೊಳೆದೆವು. ಬೆರಳುಗಳು ಮೊದಲಿನಂತೆಯೇ ಇದ್ದವು. ಕೆಂಪಿಲ್ಲ, ಗುಳ್ಳೆಯಿಲ್ಲ.

‘ನೋಡು, ಏನೂ ಇಲ್ಲ. ನಿನ್ನ ಮುಖ ನೋಡಿದ್ರೆ ಆಸಿಡ್ ಬಿದ್ದಿದ್ದು ನಿನಗೆ ಅನ್ಬೇಕು,’ ಎಂದು ನಕ್ಕಳು. ನನಗೆ ನಗು ಬರಲಿಲ್ಲ. ಏನೂ ಇಲ್ಲದಿರುವುದೇ ಅದರ ಗುರುತು ಎಂಬುದು ಅವಳಿಗೂ ಗೊತ್ತಿತ್ತು.

ಡಬ್ಬಿಯಿಂದ ಜೆಲ್ ತಂದೆ. ಟ್ಯೂಬು ಹಿಂಡಿದರೆ ಒಂದು ಬೆರಳಿಗಾಗುವಷ್ಟು ಬಂತು, ಆಮೇಲೆ ಬರಿ ಗಾಳಿ. ಮುಚ್ಚಳ ಸಡಿಲವಾಗಿ, ತಗಡಿನ ಮಾಡಿನ ಬೇಸಿಗೆಯಲ್ಲಿ ಉಳಿದದ್ದು ಒಳಗೇ ಒಣಗಿ ಗಟ್ಟಿಯಾಗಿತ್ತು. ಟ್ಯೂಬು ಸೀಳಿ ಕೆರೆದು ಕೆರೆದು ತೋರುಬೆರಳಿಗೆ ಸವರಿದೆ. ಮಧ್ಯದ ಬೆರಳು, ಉಂಗುರದ ಬೆರಳು ಹಾಗೇ ಉಳಿದವು. ಮೇಷ್ಟ್ರಿಗೆ ಫೋನು ಮಾಡಿದರೆ ನೆಟ್‌ವರ್ಕ್ ಇಲ್ಲ. ಅಷ್ಟರಲ್ಲಿ ಊರಿನ ಲೈನೂ ಹೋಗಿತ್ತು, ಇಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ. ಬಾಗಿಲಿಗೆ ಓಡಿ ಕೂಗಿದೆ.

‘ಯಜಮಾನ್ರೇ, ಜೀಪ್ ತೆಗೀರಿ! ಆಸ್ಪತ್ರೆಗೆ!’

‘ಯಾರಿಗೆ? ಎಂತ ಆಯ್ತು?’

‘ತೆಗೀರಿ ಮೊದ್ಲು!’

ನಾನು ತಿರುಗುವಷ್ಟರಲ್ಲಿ ಅವಳು ನಲ್ಲಿಯ ಹತ್ತಿರ ಇರಲಿಲ್ಲ. ನೋವು ಶುರುವಾಗಿತ್ತು. ಉಗುರಿನ ಕೆಳಗೆ ಕಾದ ಸೂಜಿ ಇಟ್ಟು ನಿಧಾನಕ್ಕೆ ಒಳಗೆ ತಳ್ಳಿದ ಹಾಗೆ ಎಂದು ಆಮೇಲೆ ಹೇಳಿದಳು. ಆ ನೋವಿನಲ್ಲೂ ಅವಳ ತಲೆ ಓಡಿತ್ತು. ‘ಅಲ್ಲೇ ಇದ್ದಲಾ ಕ್ಯಾಲ್ಸಿಯಂ, ಟ್ಯಾಂಕ್ ತುಂಬ ಇದ್ದಲಾ!’ ಎಂದು ಮನೆಮಾತಿನಲ್ಲೇ ಹೇಳುತ್ತ, ಎಡಗೈಯಿಂದ ಬಲಗೈ ಮಣಿಕಟ್ಟು ಹಿಡಿದುಕೊಂಡು, ಟ್ಯಾಂಕಿನತ್ತ ಓಡಿದ್ದಳು.

ಅವಳು ಹೇಳಿದ್ದು ಸರಿಯಾಗಿಯೇ ಇತ್ತು. ಬೆಳಿಗ್ಗೆ ನಾವೇ ಕರಗಿಸಿದ ಕ್ಯಾಲ್ಸಿಯಂ ಅಲ್ಲಿ ತಣ್ಣಗೆ, ತಿಳಿಯಾಗಿ ನಿಂತಿತ್ತು. ಕಿಡಿ ಇರಲಿಲ್ಲ, ಸದ್ದು ಇರಲಿಲ್ಲ, ಊರಿಗೇ ಕರೆಂಟಿಲ್ಲ. ಯಾರು ನೋಡಿದರೂ ಅದು ಬರಿ ನೀರು.

ಆದರೆ ಕಿಡಿ ನಿಲ್ಲುವುದು ಕೊಡ ಖಾಲಿಯಾಗಿ ಅಲ್ಲ. ವೋಲ್ಟೇಜು ಕಿಡಿ ಹಾರುವ ಮಟ್ಟಕ್ಕಿಂತ ಸ್ವಲ್ಪ ಕೆಳಗಿಳಿದರೆ ಸಾಕು, ಕಿಡಿ ನಿಲ್ಲುತ್ತದೆ. ಉಳಿದದ್ದು ಅಲ್ಲೇ ನಿಲ್ಲುತ್ತದೆ, ಏಕೆಂದರೆ ಬಿಲ್ಲೆಯ ಮೇಲಿನ ಆಕ್ಸೈಡ್ ವಿದ್ಯುತ್ತನ್ನು ಹರಿಯಗೊಡುವುದಿಲ್ಲ. ಪದರ ಒಳ್ಳೆಯದಾದಷ್ಟೂ ಅದು ಬಿಗಿಯಾಗಿ ತಡೆಯುತ್ತದೆ. ನಾವು ತಿಂಗಳುಗಟ್ಟಲೆ ಒದ್ದಾಡಿದ್ದು ಅಂಥ ಪದರಕ್ಕಾಗಿಯೇ. ಕೈ ದ್ರಾವಣದಲ್ಲಿ ಮುಳುಗಿ, ಮೊಳಕೈಯು ಮೇಲಿರುವ ತಾಮ್ರದ ಪಟ್ಟಿಗೆ ತಗುಲಿದರೆ, ಆಕ್ಸೈಡು ತಡೆದು ಹಿಡಿದದ್ದೆಲ್ಲ ಅವಳ ತೋಳಿನ ಮೂಲಕ ಹೋಗುತ್ತಿತ್ತು. ಆ ಗೇಣುದ್ದದಲ್ಲಿ ತಗುಲದೆ ಕೈ ಇಳಿಸಲು ಜಾಗವಿರಲಿಲ್ಲ. ಮಗ್ಗಿನಲ್ಲಿ ಮೊಗೆಯಲು ಹೋದರೂ ಒದ್ದೆ ಕೈ ಅದೇ ಜಾಗಕ್ಕೇ ಇಳಿಯಬೇಕು.

ಇದನ್ನೆಲ್ಲ ನಾನು ಆಗ ಯೋಚಿಸಲಿಲ್ಲ. ಈಗ ಯೋಚಿಸುತ್ತೇನೆ, ದಿನಾ. ಆಗ ಓಡಿಹೋಗಿ ಹಿಂದಿನಿಂದ ಸೊಂಟ ಹಿಡಿದು ಎಳೆದೆ. ಇಬ್ಬರೂ ನೆಲಕ್ಕೆ ಬಿದ್ದೆವು. ಅವಳು ಎದ್ದು ಮತ್ತೆ ಅದೇ ಕಡೆ ಹೋಗಲು ನೋಡಿದಳು.

‘ಬಿಡಾ! ಎಂಗೆ ತಡಿಯಲೆ ಆಗ್ತಿಲ್ಲೆ, ಬಿಡಾ!’

‘ಪಟ್ಟಿ! ಪಟ್ಟಿ ಚಾರ್ಜ್ ಇದೆ!’

‘ಕರೆಂಟೇ ಇಲ್ಲೆ!’

‘ಕೊಡ ತುಂಬಿದೆ ಮಾರಾಯ್ತಿ, ಡಿಸ್ಚಾರ್ಜ್ ಮಾಡಿಲ್ಲ!’

ಆಗ ನಿಂತಳು. ಬಲಗೈಯನ್ನು ಎದೆಗೆ ಒತ್ತಿಕೊಂಡು ಗೋಡೆಗೆ ಒರಗಿದಳು. ‘ಬೇಗ ಮಾಡು,’ ಎಂದಳು. ಆ ಎರಡು ಮಾತು ಹೇಳಿದ ದನಿ ಅವಳದಲ್ಲ ಅನ್ನಿಸಿತು.

ಮುಂದೆ ಎರಡು ದಾರಿ ಇತ್ತು. ಟ್ಯಾಂಕು ಬಿಟ್ಟು ಹಾಗೇ ಜೀಪು ಹತ್ತುವುದು ಒಂದು. ಆಸ್ಪತ್ರೆ ದೂರವಲ್ಲ, ಆದರೆ ಯಜಮಾನರ ಜೀಪು ಇನ್ನೂ ಕೊಟ್ಟಿಗೆಯಲ್ಲಿ ಕೆಮ್ಮುತ್ತಿತ್ತು. ಅಲ್ಲಿ ಹೋದ ಮೇಲೆ ಕ್ಯಾಲ್ಸಿಯಂ ಯಾವ ರೂಪದಲ್ಲಿ, ಎಷ್ಟು ಬೇಗ ಸಿಗುತ್ತದೋ ಗೊತ್ತಿಲ್ಲ. ಅಷ್ಟರಲ್ಲಿ ಆಮ್ಲ ಮೂಳೆ ಮುಟ್ಟುತ್ತದೆ. ಇನ್ನೊಂದು, ತುಂಬಿದ ಕೊಡಗಳನ್ನು ನಾನೊಬ್ಬನೇ ಬರಿದು ಮಾಡುವುದು. ಅದಕ್ಕೆಂದೇ ಒಂದು ಕೋಲಿತ್ತು. ಉದ್ದದ ಪಿವಿಸಿ ಹಿಡಿ, ತುದಿಗೆ ತಾಮ್ರದ ಕೊಕ್ಕೆ, ನಡುವೆ ದಪ್ಪ ರೆಸಿಸ್ಟರು, ಅದರಿಂದ ಋಣದ ತಗಡಿಗೆ ಒಂದು ತಂತಿ. ಮೇಷ್ಟ್ರು ಪಕ್ಕದಲ್ಲಿರುವಾಗ, ಮೀಟರು ಸೊನ್ನೆ ತೋರಿಸಿದ ಮೇಲೆ, ಕೊನೆಯ ಎಚ್ಚರಿಕೆಗೆಂದು ಅದನ್ನು ಮುಟ್ಟಿಸುತ್ತಿದ್ದೆ. ತುಂಬಿದ್ದರ ಮೇಲೆ ಎಂದೂ ಮುಟ್ಟಿಸಿರಲಿಲ್ಲ.

ಕೋಲು ತೆಗೆದುಕೊಂಡೆ. ಮೊದಲು ಯಂತ್ರದ ಸ್ವಂತ ಸ್ವಿಚ್ಚು ಕೆಳಗೆ ಮಾಡಿ, ಪ್ಲಗ್ಗು ಕಿತ್ತು ದೂರ ಎಸೆದೆ. ಊರಿಗೆ ಕರೆಂಟು ಬಂದು ಯಾರಾದರೂ ಜಗಲಿಯಲ್ಲಿ ಮೇನ್ ಏರಿಸಿದರೆ ಎಂಬ ಭಯ ಬೆನ್ನಿಗೆ ಅಂಟಿಕೊಂಡಿತ್ತು. ರಬ್ಬರ್ ಹಾಸಿನ ಮೇಲೆ ನಿಂತೆ. ಎಡಗೈಯನ್ನು ಪ್ಯಾಂಟಿನ ಜೇಬಿಗೆ ಹಾಕಿದೆ. ಒಂದೇ ಕೈಯಲ್ಲಿ ಮಾಡಬೇಕು, ಎರಡು ಕೈಯಾದರೆ ದಾರಿ ಎದೆಯ ಮೂಲಕ ಹೋಗುತ್ತದೆ. ಹಿಂದೆ ಅವಳು ಹಲ್ಲು ಕಚ್ಚಿ ನರಳುವುದು ಕೇಳುತ್ತಿತ್ತು. ಕೊಕ್ಕೆಯನ್ನು ಪಟ್ಟಿಗೆ ಮುಟ್ಟಿಸಿದೆ.

ಕೋವಿ ಹಾರಿದಂಥ ಸದ್ದು. ಬಿಳಿ ಬೆಳಕು. ಸುಟ್ಟ ತಾಮ್ರದ ವಾಸನೆ. ಅಂಗಳದಿಂದ ಯಜಮಾನರು, ‘ಅಯ್ಯೋ, ಸಿಡಿಲು ಶೆಡ್ಡಿಗೇ ಹೊಡೀತು!’ ಎಂದು ಕೂಗಿದರು.

ಆ ಸದ್ದು ಅವಳ ತೋಳಿನಲ್ಲಿ ಆಗಬೇಕಾಗಿದ್ದ ಸದ್ದು.

ಕೊಕ್ಕೆ ತೆಗೆಯಲಿಲ್ಲ. ದೊಡ್ಡ ಕೆಪಾಸಿಟರುಗಳು ಬರಿದಾದ ಮೇಲೂ ಒಳಗೊಳಗೇ ಸ್ವಲ್ಪ ಮತ್ತೆ ತುಂಬಿಕೊಳ್ಳುತ್ತವೆ. ಕಾದೆ. ಎತ್ತಿ ಮತ್ತೆ ಮುಟ್ಟಿಸಿದೆ. ಈ ಸಲ ಸಣ್ಣ ಚಟ್ ಅಷ್ಟೇ. ಮತ್ತೆ ಕಾದೆ. ಕೊನೆಗೆ ಧನ ಋಣ ಎರಡಕ್ಕೂ ಒಂದು ತಂತಿ ಬಿಗಿದು, ಬ್ಯಾಟರಿಯ ಮಲ್ಟಿಮೀಟರು ಹಿಡಿದು ನೋಡಿದೆ. ಹೆಸರಿಗಷ್ಟೇ ವೋಲ್ಟು. ಪಟ್ಟಿಯನ್ನೂ, ಬಿಲ್ಲೆಯನ್ನೂ, ತಗಡನ್ನೂ ಕಳಚಿ ಹೊರಗೆ ತೆಗೆದು ಮೂಲೆಗೆ ಹಾಕಿದೆ.

‘ಬಾ.’

ಅವಳು ಬಂದಳು. ಟ್ಯಾಂಕಿನ ಅಂಚಿನಲ್ಲಿ ನಿಂತು ನನ್ನ ಮುಖ ನೋಡಿದಳು. ‘ಖಂಡಿತವಾ?’

ನಾನು ಮೊದಲು ನನ್ನ ಕೈಯನ್ನೇ ಅದ್ದಿದೆ. ಆಮೇಲೆ ಅವಳು ಅದ್ದಿದಳು. ಮೊಳಕೈವರೆಗೆ.

ನೋವು ಹೋಗಲಿಲ್ಲ. ಏರುತ್ತಿದ್ದದ್ದು ಏರುವುದು ನಿಲ್ಲಿಸಿತು ಎಂದಳು. ದ್ರಾವಣವನ್ನು ಬಕೆಟಿಗೆ ತುಂಬಿ, ಕೈ ಬಕೆಟಿನಲ್ಲಿಟ್ಟುಕೊಂಡೇ ಜೀಪು ಹತ್ತಿದೆವು. ಯಜಮಾನರು ಓಡಿಸುತ್ತ ಕನ್ನಡಿಯಲ್ಲಿ ನಮ್ಮನ್ನು ನೋಡಿ ನೋಡಿ, ‘ನಾನು ಹೇಳೇ ತೆಗ್ದಿದ್ದು... ಹೇಳೇ ತೆಗ್ದಿದ್ದಲ್ಲ?’ ಎನ್ನುತ್ತಿದ್ದರು.

ಆಸ್ಪತ್ರೆಯಲ್ಲಿದ್ದ ಡಾಕ್ಟರು ಚಿಕ್ಕ ವಯಸ್ಸಿನವರು. ಇಂಥ ಗಾಯ ಓದಿದ್ದೇನೆ, ನೋಡಿಲ್ಲ ಎಂದು ನೇರವಾಗಿ ಹೇಳಿದರು. ಆ ಮಾತಿಗೆ ನನಗೆ ಇನ್ನಷ್ಟು ಹೆದರಿಕೆಯಾಯಿತು, ಆಮೇಲೆ ಧೈರ್ಯವೂ ಬಂತು. ಕ್ಯಾಲ್ಸಿಯಂ ಇಂಜೆಕ್ಷನ್ನಿನ ಸೀಸೆಗಳನ್ನು ಒಡೆದು ಜಾರುವ ಜೆಲ್ಲಿಯಲ್ಲಿ ಕಲಸಿ, ಒಂದು ಗ್ಲೌಸಿನೊಳಗೆ ತುಂಬಿ, ಅದನ್ನು ಅವಳ ಕೈಗೆ ತೊಡಿಸಿದರು. ಎದೆಗೆ ಇಸಿಜಿ ತಂತಿ ಅಂಟಿಸಿದರು. ಕಾಗದದ ಮೇಲಿನ ಗೆರೆಯನ್ನು ನಾನು ನೋಡುತ್ತ ನಿಂತೆ. ಪ್ರತಿ ಏರಿಳಿತದ ನಡುವಿನ ಸಪಾಟು ಜಾಗ ಸ್ವಲ್ಪ ಉದ್ದವಾಗುತ್ತಿದೆ ಎಂದು ಅನ್ನಿಸುತ್ತಿತ್ತು.

‘ಘಟ್ಟದ ಕೆಳಗೆ ಹೋಗ್ಬೇಕು. ಬೆರಳಿನ ಒಳಗೇ ಇಂಜೆಕ್ಷನ್ ಬೇಕಾಗಬಹುದು,’ ಎಂದರು ಡಾಕ್ಟರು. ‘ಶಿವಮೊಗ್ಗನೂ ಆಗತ್ತೆ. ಆದ್ರೆ ಕೆಳಗೆ ಕೈ ಸರ್ಜನ್ ಇದ್ದಾರೆ.’

ಹುಲಿಕಲ್ ಘಾಟಿ ಇಳಿಯುವಾಗ ಮಳೆ ಹಿಡಿಯಿತು. ಆಂಬುಲೆನ್ಸಿನಲ್ಲಿ ಪ್ರತಿ ತಿರುವಿಗೂ ಅವಳು ನನ್ನ ಭುಜಕ್ಕೆ ಬಂದು ಬೀಳುತ್ತಿದ್ದಳು. ನಡುವೆ ಒಮ್ಮೆ ನೆಟ್‌ವರ್ಕ್ ಬಂದು ಅವಳ ಅಮ್ಮನ ಫೋನು ಬಂತು. ಎಡಗೈಯಲ್ಲಿ ಎತ್ತಿದಳು. ‘ಹೂಂ ಅಮಾ. ಇಲ್ಲೂ ಮಳೆ. ಇಲ್ಲೆ, ಎಂತೂ ಇಲ್ಲೆ, ಕೆಲಸ ಸ್ವಲ್ಪ ತಡ ಇದ್ದು,’ ಎಂದು ನೆಟ್ಟಗೆ ಮಾತಾಡಿ ಇಟ್ಟಳು. ಇಟ್ಟ ಮೇಲೆ ಅತ್ತಳು. ‘ಎದೆ ಡವಡವ ಅಂತಿದೆ. ಇದು ಹೆದರಿಕೆಯಾ, ಅದಾ?’ ಎಂದು ಕೇಳಿದಳು. ನನಗೆ ಗೊತ್ತಿರಲಿಲ್ಲ. ಹೆದರಿಕೆ ಅಂದೆ.

ಕೆಳಗಿನ ಆಸ್ಪತ್ರೆಯ ಸರ್ಜನ್ ಹಿರಿಯ ಹೆಂಗಸು. ಬೆರಳಿನ ತುದಿಗಳು ಅಷ್ಟರಲ್ಲಿ ಬೂದುಬಿಳಿ ಬಣ್ಣಕ್ಕೆ ತಿರುಗಿದ್ದವು. ಒಳಗೇ ಸೂಜಿ ಹಾಕಬೇಕು ಎಂದರು. ಮರಗಟ್ಟಿಸುವ ಮದ್ದು ಕೊಡುವುದಿಲ್ಲವೆಂದೂ ಹೇಳಿದರು.

‘ಯಾಕೆ ಡಾಕ್ಟ್ರೇ?’ ಎಂದೆ.

‘ಇವಳ ನೋವೇ ನನಗೆ ಮೀಟರು. ನೋವು ನಿಂತ್ರೆ ಕ್ಯಾಲ್ಸಿಯಂ ಸಾಕಾಯ್ತು ಅಂತ. ಮರಗಟ್ಟಿಸಿದ್ರೆ ನನಗೆ ಹೇಗೆ ಗೊತ್ತಾಗ್ಬೇಕು?’

ಒಂದೊಂದೇ ಬೆರಳು. ಅವಳು ಕೂಗಿದಳು. ಇಡೀ ದಿನ ಹಿಡಿದಿಟ್ಟುಕೊಂಡದ್ದನ್ನೆಲ್ಲ ಕೂಗಿದಳು. ನಾನು ಅವಳ ಎಡಗೈ ಹಿಡಿದುಕೊಂಡಿದ್ದೆ. ಆಮೇಲೆ ಒಮ್ಮೆಲೇ ಸುಮ್ಮನಾದಳು. ಕಣ್ಣು ಮುಚ್ಚಿತ್ತು, ಹಿಡಿತ ಸಡಿಲವಾಯಿತು. ನಾನು ಪರದೆಯ ಮೇಲಿನ ಗೆರೆಯತ್ತ ತಿರುಗಿದೆ. ಅದು ಹೋಗುತ್ತಲೇ ಇತ್ತು. ಆದರೂ ನಂಬಿಕೆ ಬರಲಿಲ್ಲ.

‘ಇದಕ್ಕೇ ನಾವು ಕಾಯ್ತಾ ಇದ್ದಿದ್ದು,’ ಎಂದರು ಸರ್ಜನ್.

‘ಮಾತಾಡು,’ ಎಂದೆ ಅವಳಿಗೆ. ‘ಏನಾದ್ರೂ ಮಾತಾಡು.’

ಕಣ್ಣು ತೆರೆಯದೆ ಹೇಳಿದಳು: ‘ಡಾಕ್ಟ್ರೇ, ಕೈ ಆಯ್ತು. ಸೊಂಟ ನೋಡಿ. ಈ ಮಾರಾಯ ಎಳೆದದ್ದಕ್ಕೆ ಅದು ಉಳಿದಿದೆಯೋ ಇಲ್ಲವೋ.’

ಬಕೆಟಿನ ದ್ರಾವಣ ಎಷ್ಟು ಉಳಿಸಿತು ಎಂದು ಕೇಳಿದಾಗ ಸರ್ಜನ್ ಹೇಳಲಾಗದು ಎಂದರು. ಹಾಳಂತೂ ಮಾಡಿಲ್ಲ ಎಂದರು. ಮಧ್ಯದ ಬೆರಳಿನ ಉಗುರು ಹೋಯಿತು, ಮತ್ತೆ ಬರಲಿಲ್ಲ. ಅದರ ತುದಿಗೆ ಬಿಸಿ ತಣ್ಣನೆ ತಿಳಿಯುವುದಿಲ್ಲ. ಉಳಿದದ್ದು ಉಳಿಯಿತು. ಯಂತ್ರವನ್ನು ಮೇಷ್ಟ್ರು ಬಿಚ್ಚಿ ಹಾಕಿಸಿದರು. ಈಗಿನದರಲ್ಲಿ ಕರೆಂಟು ಹೋದ ಕ್ಷಣವೇ ಕೊಡಗಳು ತಾವಾಗಿ ಬರಿದಾಗುತ್ತವೆ. ಜೆಲ್ಲಿನ ಟ್ಯೂಬುಗಳು ಮೂರು ಕಡೆ ಇವೆ. ಪದರ ಈಗ ಕಿತ್ತುಬರುವುದಿಲ್ಲ. ಅವಳು ಸಾಗರದ ಕಾಲೇಜೊಂದರಲ್ಲಿ ಪಾಠ ಹೇಳುತ್ತ, ಬಿಡುವಿದ್ದಾಗ ಬಂದು ಆಮ್ಲದ ಕೆಲಸ ಮಾಡಿಕೊಡುತ್ತಾಳೆ. ಅವಳಿಗೆ ಭಯವಿಲ್ಲ.

ನನಗಿದೆ. ನಡೆದದ್ದರಲ್ಲಿ ನಾನು ಅವಳನ್ನು ಹೊತ್ತಿಗೆ ಸರಿಯಾಗಿ ತಲುಪಿದೆ. ಕಣ್ಣ ಮುಂದೆ ಮತ್ತೆ ಮತ್ತೆ ಬರುವುದರಲ್ಲಿ ಕೆಲವು ಸಲ ತಲುಪುವುದಿಲ್ಲ. ಮಧ್ಯಾಹ್ನ ಹಾಗಾದಾಗ ಮಾಡುತ್ತಿರುವ ಕೆಲಸ ಬಿಟ್ಟು ಸಾಗರಕ್ಕೆ ಫೋನು ಮಾಡುತ್ತೇನೆ. ಮೊದಮೊದಲು ಎಂತಕ್ಕೆ ಮಾಡಿದ್ದು ಎಂದು ಕೇಳುತ್ತಿದ್ದಳು. ಈಗ ಕೇಳುವುದಿಲ್ಲ. ಹಲೋ ಕೂಡ ಅನ್ನುವುದಿಲ್ಲ. ತರಗತಿಯ ಗದ್ದಲದ ನಡುವಿನಿಂದ ಅವಳ ದನಿ ಬರುತ್ತದೆ:

‘ಬೆರಳು ಐದೂ ಇದ್ದು ಮಾರಾಯ. ಫೋನ್ ಇಡು.’